ಜಾಲರಿಗೆ ಅಂಟದ ಹಾಳೆ

ಇದನ್ನು ಹೇಳಲು ಇಷ್ಟು ವರ್ಷ ಹಿಂಜರಿದೆ. ಪೀಣ್ಯದ ಶೆಡ್ಡಿನಲ್ಲಿ ನನ್ನ ಹಳೇ ಜೀಪಿನ ರೇಡಿಯೇಟರಿಗೆ ಕರೆಂಟಿನ ಫ್ಯಾನು ಕೂರಿಸಿದ ದಿನ ನಾನು ಕುಣಿದಾಡಿದ್ದೆ. ಸ್ವಿಚ್ ಒತ್ತಿದರೆ ಹಿಟ್ಟಿನ ಗಿರಣಿಯಂತೆ ಮೊರೆಯಿತು. "ಈ ಸಲ ರೇಸು ನಮ್ದೇ ಕಣ್ರೋ!" ಎಂದು ಕೂಗಿದೆ.

ಭಾನುವಾರ ಕಲ್ಲುಕ್ವಾರಿಯ ಕೆಸರು ಏರಿನಲ್ಲಿ ಎಲ್ಲರಿಗಿಂತ ಮುಂದೆ ನುಗ್ಗಿದೆ. ಜನ ಸೀಟಿ ಹೊಡೆದರು. ತುದಿ ಇನ್ನೇನು ಸಿಕ್ಕಿತು ಎನ್ನುವಾಗ ರೇಡಿಯೇಟರ್ ಕುದಿದು ಆವಿ ಚಿಮ್ಮಿತು. ಅದಕ್ಕೆ ಬೆಸುಗೆ ಹಾಕಿಕೊಟ್ಟಿದ್ದ ನನ್ನ ಭಾವಮೈದುನ ಓಡಿಬಂದ.

"ಏನ್ ಗುರು, ಹಾಕಿದ್ದು ಬೆಸುಗೆನೋ ಚೂಯಿಂಗ್ ಗಮ್ಮೋ?" ಎಂದೆ. ಎಲ್ಲರೂ ನಕ್ಕರು.

"ಲೀಕೇ ಇಲ್ಲ ಭಾವ, ಬಗ್ಗಿ ನೋಡಿ" ಎಂದ. ನಾನು ಬಗ್ಗಲಿಲ್ಲ.

ಮರುದಿನ ಫ್ಯಾನು ಹಾಕಿ, ಜೀಪಿನ ಮುಂದಿನ ಜಾಲರಿಗೆ ಒಂದು ಹಾಳೆ ಹಿಡಿದೆ. ಗಾಳಿಯ ಸೆಳೆತಕ್ಕೆ ಜಾಲರಿಗೆ ಅಂಟಬೇಕಿದ್ದ ಹಾಳೆ ನನ್ನ ಮುಖಕ್ಕೇ ಹಾರಿತು. ವೈರುಗಳನ್ನು ನಾನೇ ಅದಲುಬದಲು ಕೊಟ್ಟಿದ್ದೆ. ಫ್ಯಾನು ಹಿಮ್ಮುಖವಾಗಿ ಸುತ್ತಿ ಗಾಳಿಯನ್ನು ಹೊರಗೆ ತಳ್ಳುತ್ತಿತ್ತು, ರೇಡಿಯೇಟರ್ ಕುದಿದದ್ದು ಅದಕ್ಕೇ. ಸರಿಪಡಿಸಿದೆ, ಹಾಳೆ ಪಟ್ಟನೆ ಅಂಟಿತು. ಖುಷಿಯಿಂದ ಹಾರನ್ ಬಾರಿಸಿದೆ.

ಮುಂದಿನ ರೇಸು ಗೆದ್ದೆ. ಅಷ್ಟರಲ್ಲಿ ನನ್ನ ಚೂಯಿಂಗ್ ಗಮ್ ಮಾತು ಪೀಣ್ಯವೆಲ್ಲ ಹಬ್ಬಿ, ಜೀಪಿನವರು ಭಾವಮೈದುನನ ಬೆಸುಗೆ ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದರು. ತಪ್ಪು ನನ್ನದೇ ಎಂದು ನಾನು ಬಾಯಿ ಬಿಡಲಿಲ್ಲ. ಇವತ್ತಿಗೂ ನಾನು ಕ್ಷಮೆ ಕೇಳದೆ ಉಳಿದಿರುವುದು ಅವನನ್ನೇ, ನನ್ನ ಹೆಂಡತಿಯ ತಮ್ಮನನ್ನು.