ಎಡಗೈ ಸುತ್ತಿದ ದಾರ

ಶಾಲೆಗಳ ವಿಜ್ಞಾನ ಸ್ಪರ್ಧೆಯಲ್ಲಿ ಮೇಜಿನ ಮೇಲೆ ಮಿಂಚುವ ಎಷ್ಟೋ ಮಾದರಿಗಳನ್ನು ಮಕ್ಕಳು ಮಾಡಿರುವುದಿಲ್ಲ. ಇದು ನಿಮಗೆ ಗೊತ್ತು. ಬಹುಮಾನ ಕೊಡುವವರಿಗೂ ಗೊತ್ತು, ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವ ಅಪ್ಪ ಅಮ್ಮಂದಿರಿಗೂ ಗೊತ್ತು. ಗೊತ್ತಿದ್ದೂ ನಾವೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದರಿಂದಲೇ ಒಬ್ಬ ಹೆಂಗಸು ಹದಿನಾಲ್ಕು ವರ್ಷ ಜೀವ ಕೈಯಲ್ಲಿ ಹಿಡಿದುಕೊಂಡು ಕೆಲಸ ಮಾಡಿದಳು.

ಅವಳು ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರ ಲ್ಯಾಬ್ ಅಟೆಂಡರು. ಗಾಜಿನ ನಳಿಗೆ ತೊಳೆಯುವುದು, ಬಾಟಲಿಗಳಿಗೆ ಚೀಟಿ ಅಂಟಿಸುವುದು, ತಕ್ಕಡಿಯ ಧೂಳು ಒರೆಸುವುದು ಅವಳ ಪಾಲಿಗೆ ಬರೆದುಕೊಟ್ಟ ಕೆಲಸ. ಬರೆದುಕೊಡದ ಕೆಲಸವೆಂದರೆ ಪ್ರತಿ ವರ್ಷದ ಸ್ಪರ್ಧೆಗೆ ಮಾದರಿ ಮಾಡುವುದು. ಆ ಶಾಲೆಯ ಗಾಜಿನ ಕಪಾಟಿನಲ್ಲಿ ಒಂಬತ್ತು ಫಲಕಗಳಿವೆ. ಒಂಬತ್ತೂ ಅವಳ ಕೈಯವು. ಅದರಲ್ಲೂ ಎಡಗೈಯವು.

ಮಕ್ಕಳಿಗೆ ಅವಳು ಲ್ಯಾಬ್ ಆಂಟಿ. ತವರಿನವರಿಗೆ ಮಾತ್ರ ಇವತ್ತಿಗೂ ಎಡಚಿ. ಒಂದನೇ ತರಗತಿಯಲ್ಲಿ ಎಡಗೈಯಲ್ಲಿ ಬಳಪ ಹಿಡಿದದ್ದಕ್ಕೆ ಮೇಷ್ಟರು ರೂಲುದೊಣ್ಣೆಯಿಂದ ಗೆಣ್ಣಿನ ಮೇಲೆ ಬಾರಿಸಿದ್ದರು. ಬರೆ ಮಾಸಿತು, ಕೈ ಮರೆಯಲಿಲ್ಲ. ದೊಡ್ಡವರು ಯಾರೇ ಎದುರಿಗೆ ಬರಲಿ, ಎಡಗೈ ತಾನೇ ತಾನಾಗಿ ಬೆನ್ನ ಹಿಂದೆ ಅಡಗಿಕೊಳ್ಳುತ್ತಿತ್ತು. ಕಾಗದ ಕೊಡುವುದು, ತೆಗೆದುಕೊಳ್ಳುವುದು, ಸಹಿ ಹಾಕುವುದು ಎಲ್ಲ ಬಲಗೈಯಲ್ಲಿ, ಅದೂ ತಡವರಿಸಿಕೊಂಡು. ಲ್ಯಾಬಿನ ಬಾಗಿಲಿಗೆ ಚಿಲಕ ಬಿದ್ದ ಮೇಲೆಯೇ ಎಡಗೈ ಹೊರಗೆ ಬರುತ್ತಿತ್ತು.

ಆ ವರ್ಷ ಅವಳ ಭಯಕ್ಕೆ ಇನ್ನೊಂದು ಕಾರಣ ಕೂಡಿಕೊಂಡಿತ್ತು. ವರ್ಷ ವರ್ಷವೂ ಮುಂದುವರಿಸುವ ಅವಳ ಹುದ್ದೆಯನ್ನು ಕಾಯಂ ಮಾಡಬಹುದೆಂಬ ಪತ್ರ ಹೆಡ್ ಮೇಡಂ ಮೇಜಿನ ಮೇಲೆ ಕೂತಿತ್ತು. ಒಂದು ಸಹಿ ಬೀಳಬೇಕು, ಅಷ್ಟೇ. ಸ್ಪರ್ಧೆ ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದರು ಮೇಡಂ. ಬೈದಿದ್ದರೂ ಅವಳು ಇಷ್ಟು ಹೆದರುತ್ತಿರಲಿಲ್ಲವೇನೋ.

ವಿಜ್ಞಾನದ ಮೇಷ್ಟರು ನಿಯಮದ ಹಾಳೆ ತಂದು ಓದಿದರು. ಬ್ಯಾಟರಿ ಇಲ್ಲದ ಪುಟ್ಟ ಗಾಡಿ. ಐದು ಮೀಟರ್ ಓಡಿ ಗೆರೆಯ ಹತ್ತಿರ ನಿಲ್ಲಬೇಕು. ವಿದ್ಯಾರ್ಥಿಯೇ ಮಾಡಿರಬೇಕು ಎಂಬ ಕೊನೆಯ ಸಾಲನ್ನು ಮಾತ್ರ ಮಾತ್ರೆ ನುಂಗಿದ ಹಾಗೆ ಗಬಕ್ಕನೆ ನುಂಗಿಬಿಟ್ಟರು.

ಅವಳ ಗಂಡನದು ಸೈಕಲ್ ರಿಪೇರಿ ಅಂಗಡಿ. ಚಕ್ರಗಳ ಅಚ್ಚಿಗೆ ಅಲ್ಲಿಂದಲೇ ಕಡ್ಡಿ ಬಂತು. "ಫಲಕ ನಿನ್ನ ಸ್ಕೂಲಿಗೆ, ಕಡ್ಡಿ ನನ್ನ ಅಂಗಡಿಯಿಂದ. ಒಳ್ಳೆ ನ್ಯಾಯ ಕಣೇ ನಿಮ್ಮದು" ಎಂದು ಅವನು ನಕ್ಕ. ಚಕ್ರಕ್ಕೆ ಹಳೆಯ ಸಿಡಿಗಳು. ಅವು ಜಾರದಂತೆ ಅಂಚಿಗೆ ಬಲೂನಿನ ರಬ್ಬರು. ಎಳೆಯುವುದಕ್ಕೆ ಇಲಿ ಹಿಡಿಯುವ ಬೋನಿನ ಸ್ಪ್ರಿಂಗು. ಸ್ಪ್ರಿಂಗಿಗೆ ಕಟ್ಟಿದ ದಾರವನ್ನು ಅಚ್ಚಿಗೆ ಸುತ್ತಿ ಬಿಟ್ಟರೆ, ದಾರ ಬಿಚ್ಚಿಕೊಳ್ಳುತ್ತ ಗಾಡಿ ಓಡುತ್ತದೆ. ದಾರ ಮುಗಿದಲ್ಲಿ ಅಚ್ಚಿನ ಗಂಟು ಹಿಡಿದು ನಿಲ್ಲಿಸುತ್ತದೆ. ಹದಿಮೂರು ಸುತ್ತು, ಮೇಲೊಂದು ಕಾಲು. ಇಪ್ಪತ್ತು ಸಲ ಓಡಿಸಿ ನೋಡಿ ಆ ಲೆಕ್ಕ ಹಿಡಿದಿದ್ದಳು. ಗಾಡಿಯನ್ನು ಪಕ್ಕಕ್ಕೆ ಮಲಗಿಸಿ, ಮೇಲೆ ಬಂದ ಚಕ್ರವನ್ನು ಡಬ್ಬಿಯ ಮುಚ್ಚಳದಂತೆ ತಿರುಗಿಸಿ ಸುತ್ತುತ್ತಿದ್ದಳು. ಎಡಗೈ ಸಲೀಸಾಗಿ ತಿರುಗುವುದು ಎಡಕ್ಕೆ. ದಾರವೂ ಎಡಕ್ಕೇ ಸುತ್ತಿಕೊಳ್ಳುತ್ತಿತ್ತು.

ಸ್ಪರ್ಧೆಗೆ ಆರಿಸಿದ್ದು ಒಂಬತ್ತನೇ ತರಗತಿಯ ಒಬ್ಬ ಹುಡುಗಿಯನ್ನು. ದನಿ ಚೆನ್ನಾಗಿದೆ, ಹೇಳಿಕೊಟ್ಟದ್ದನ್ನು ತಡವರಿಸದೆ ಒಪ್ಪಿಸುತ್ತಾಳೆ ಎಂಬುದೇ ಅವಳ ಅರ್ಹತೆ. ಹುಡುಗಿಗೆ ಗಾಡಿ ಮುಟ್ಟಿ ನೋಡುವ ಆಸೆ. ಮುರಿದುಗಿರಿದೀಯ, ದೂರ ನಿಲ್ಲು ಎಂದು ಮೇಷ್ಟರು ಗದರುತ್ತಿದ್ದರು. ಸುತ್ತಿದ ದಾರ ಬಿಚ್ಚದಂತೆ ಹಾಕಿಟ್ಟ ಪಿನ್ನು ಎಳೆಯುವುದಷ್ಟೇ ಅವಳ ಪಾಲಿನ ವಿಜ್ಞಾನ.

ಹಿಂದಿನ ದಿನ ಊಟದ ಬಿಡುವಿನಲ್ಲಿ ಹುಡುಗಿ ಲ್ಯಾಬಿಗೆ ಬಂದು, ಒಂದು ಸಲ ಸುತ್ತೋದು ತೋರಿಸಿ ಆಂಟಿ ಎಂದಳು. ಇವಳು ಗಾಡಿ ಮಲಗಿಸಿ ಎಡಗೈ ಇಟ್ಟಳು. ಅಷ್ಟರಲ್ಲಿ ಬಾಗಿಲಲ್ಲಿ ಹೆಡ್ ಮೇಡಂ, ಹಿಂದೆ ಮೇಷ್ಟರು. ಎಡಗೈ ಸರಕ್ಕನೆ ಬೆನ್ನ ಹಿಂದೆ ಹೋಯಿತು. ಬಲಗೈ ಮುಂದೆ ಬಂತು. ಡಬ್ಬಿ ಮುಚ್ಚಳದ ಹಾಗೆ, ಹೀಗೆ, ಹದಿಮೂರೂಕಾಲು ಸುತ್ತು ಎನ್ನುತ್ತ ಮೂರು ಸುತ್ತು ತಿರುಗಿಸಿದಳು. ಬಲಗೈ ತನ್ನ ದಾರಿಯಲ್ಲಿ, ಬಲಕ್ಕೆ ತಿರುಗಿತು. ಮೇಡಂ ತಲೆಯಾಡಿಸಿ ಹೋದರು. ಅವರ ಹೆಜ್ಜೆಯ ಸದ್ದು ಕರಗುವವರೆಗೂ ಇವಳ ಕಣ್ಣು ಬಾಗಿಲಿನ ಮೇಲೇ ಇತ್ತು. ಆ ಗಾಬರಿಯಲ್ಲಿ ಕೈ ಬದಲಾದದ್ದೂ, ದಿಕ್ಕು ಬದಲಾದದ್ದೂ ಅವಳ ತಲೆಗೆ ಹೋಗಲೇ ಇಲ್ಲ.

ಮರುದಿನ ಸಭಾಂಗಣದಲ್ಲಿ ಅವಳು ಖಾಲಿ ರಟ್ಟಿನ ಪೆಟ್ಟಿಗೆ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ಗಾಡಿಯನ್ನು ಬೆಳಿಗ್ಗೆಯೇ ಸುತ್ತಿ ಪಿನ್ನು ಹಾಕಿ ಕೊಟ್ಟಾಗಿತ್ತು. ತೀರ್ಪುಗಾರರು ಬಡಕಲು ದೇಹದ ಹಿರಿಯರು. ಗಾಡಿ ಎತ್ತಿ ನೋಡಿದರು. ಪಿನ್ನು ತೆಗೆದು, ಚಕ್ರ ಹಿಡಿದು ನಿಧಾನವಾಗಿ ದಾರವನ್ನೆಲ್ಲ ಬಿಚ್ಚಿಬಿಟ್ಟರು.

"ಸುತ್ತಿಕೊಂಡು ಬಂದಿದ್ದನ್ನ ನಾನು ನೋಡಲ್ಲ. ಇಲ್ಲೇ ಸುತ್ತಮ್ಮ."

ಹುಡುಗಿ ಹೆದರಲಿಲ್ಲ. ತೋರಿಸಿಕೊಟ್ಟಿದ್ದರಲ್ಲ. ಗಾಡಿ ಮಲಗಿಸಿದಳು, ಚಕ್ರದ ಮೇಲೆ ಕೈಯಿಟ್ಟಳು, ಬಲಕ್ಕೆ ತಿರುಗಿಸಿದಳು.

ಮೊದಲನೇ ಸುತ್ತಿಗೇ ಗೋಡೆಯ ಬಳಿ ನಿಂತವಳಿಗೆ ದಿಕ್ಕು ತಪ್ಪಿದ್ದು ತಿಳಿಯಿತು. ಎಲ್ಲ ಒಮ್ಮೆಲೇ ಕಣ್ಣಿಗೆ ಕಟ್ಟಿತು: ಬಾಗಿಲಲ್ಲಿ ಮೇಡಂ, ಬೆನ್ನ ಹಿಂದೆ ಹೋದ ಕೈ. ಎರಡನೇ ಸುತ್ತು. ಹಾಗಲ್ಲಮ್ಮ ಎಂದರೆ ಸಾಕು, ಒಂದೇ ಮಾತು. ಮೂರು, ನಾಲ್ಕು. ಅಂದರೆ ಮಾಡಿದವಳು ಯಾರೆಂದು ಇಡೀ ಸಭಾಂಗಣಕ್ಕೆ ತಿಳಿಯುತ್ತದೆ. ಮುಂದಿನ ಸಾಲಿನಲ್ಲಿ ಹೆಡ್ ಮೇಡಂ ಕೂತಿದ್ದಾರೆ. ಏಳು. ಹತ್ತು, ಹನ್ನೊಂದು. ರಟ್ಟಿನ ಪೆಟ್ಟಿಗೆಯ ಒಂದು ಮೂಲೆ ಅವಳ ಹಿಡಿತಕ್ಕೆ ಜಜ್ಜಿಹೋಯಿತು. ಹದಿಮೂರು. ಹುಡುಗಿ ಶ್ರದ್ಧೆಯಿಂದ ಇನ್ನೊಂದು ಕಾಲು ಸುತ್ತು ಸೇರಿಸಿ ಗಾಡಿಯನ್ನು ನೆಲಕ್ಕಿಟ್ಟು ಬಿಟ್ಟಳು.

ಗಾಡಿ ನೆಟ್ಟಗೆ ಹಿಂದಕ್ಕೆ ಓಡಿ ತೀರ್ಪುಗಾರರ ಬೂಟಿಗೆ ಬಡಿಯಿತು.

ಸಭೆ ಗೊಳ್ಳೆಂದಿತು. ಮನೆಗೆ ಹೊರಟಿತು ಕಣ್ರೋ ಎಂದು ಯಾರೋ ಹಿಂದಿನಿಂದ ಕೂಗಿದರು. ತೀರ್ಪುಗಾರರು ನಗಲಿಲ್ಲ.

"ನೀನೇ ಮಾಡಿದ್ದಾ ಇದನ್ನ?"

"ಹೌದು ಸರ್."

"ಮಾಡಿದವರಿಗೆ ಯಾವ ಕಡೆ ಸುತ್ತಬೇಕು ಅಂತ ಗೊತ್ತಿರಲ್ವೇನಮ್ಮ? ಯಾರು ತೋರಿಸಿದ್ರು ನಿಂಗೆ?"

ಹುಡುಗಿ ತಿರುಗಿ ನೋಡಿದಳು. ಮೇಷ್ಟರನ್ನಲ್ಲ, ನೇರವಾಗಿ ಗೋಡೆಯ ಕಡೆಗೆ. ಲ್ಯಾಬ್ ಆಂಟಿ ತಲೆ ತಗ್ಗಿಸಿ ಪೆಟ್ಟಿಗೆಯ ಜಜ್ಜಿದ ಮೂಲೆಯನ್ನು ನೇರ ಮಾಡತೊಡಗಿದಳು. ಕಿವಿಗೆ ಬಿದ್ದದ್ದು ಹುಡುಗಿಯ ದನಿ.

"ಯಾರೂ ತೋರಿಸಿಲ್ಲ ಸರ್. ನಾನೇ ಮರೆತುಬಿಟ್ಟೆ."

ಸುಳ್ಳು ಹೇಳುವ ಮಕ್ಕಳನ್ನು ಇಲ್ಲಿಗೆ ಕಳಿಸಬೇಡಿ ಎಂದು ತೀರ್ಪುಗಾರರು ಎಲ್ಲರಿಗೂ ಕೇಳುವಂತೆ ಹೇಳಿ, ಪಟ್ಟಿಯಲ್ಲಿ ಹುಡುಗಿಯ ಹೆಸರಿನ ಮೇಲೆ ಗೆರೆ ಎಳೆದರು. ಅವರು ನ್ಯಾಯವಂತರೇ ಇರಬಹುದು. ಗೆರೆ ಮಾತ್ರ ಆ ಸಭಾಂಗಣದಲ್ಲಿ ಎಲ್ಲರಿಗಿಂತ ಕಡಿಮೆ ತಪ್ಪು ಮಾಡಿದವಳ ಮೇಲೆ ಬಿತ್ತು.

ವಾರ ಕಳೆಯುವುದರೊಳಗೆ ಪತ್ರಕ್ಕೆ ಸಹಿ ಬಿತ್ತು. ನಿಮ್ಮದೇನು ತಪ್ಪಿದೆ ಪಾಪ, ಆ ಹುಡುಗಿ ಸ್ಕೂಲಿನ ಮಾನ ತೆಗೆದಳು ಎಂದರು ಹೆಡ್ ಮೇಡಂ. ಲ್ಯಾಬ್ ಆಂಟಿ ಪತ್ರವನ್ನು ಬಲಗೈಯಲ್ಲಿ ತೆಗೆದುಕೊಂಡಳು. ಕಾಯಂ ಆದ ಹೆಂಡತಿಯ ಮುಖ ಯಾಕೆ ಹೀಗಿದೆ ಎಂದು ಗಂಡ ಎರಡು ಸಲ ಕೇಳಿದ.

ಮರುದಿನ ಹುಡುಗಿ ಲ್ಯಾಬಿಗೆ ಬಂದಳು. ಬೈಯಲು ಬಂದವಳಂತೆ ಕಾಣಲಿಲ್ಲ. ಅದಕ್ಕೇ ಇವಳಿಗೆ ಇನ್ನಷ್ಟು ಹೆದರಿಕೆಯಾಯಿತು.

"ಆಂಟಿ, ಬೇಕು ಅಂತಾನೇ ಹಾಗೆ ತೋರಿಸಿದ್ರಾ?"

"ಇಲ್ಲ ಕಣಮ್ಮ. ಮೇಡಂ ಬಂದ್ರಲ್ಲ, ಭಯಕ್ಕೆ ಕೈ ಬದಲಾಯ್ತು."

ಹುಡುಗಿ ಕಪಾಟಿನ ಮೇಲಿದ್ದ ಗಾಡಿಯ ಕಡೆ ಕೈ ತೋರಿಸಿದಳು. "ಹಾಗಾದ್ರೆ ಈಗ ಆ ಕೈಯಲ್ಲೇ ತೋರಿಸಿ."

ಲ್ಯಾಬ್ ಆಂಟಿ ಗಾಡಿ ಕೆಳಗಿಳಿಸಿದಳು. ಮಲಗಿಸಿದಳು. ಎಡಗೈ ಚಕ್ರದ ಹತ್ತಿರ ಬಂದು ನಿಂತಿತು. ಆಮೇಲೆ ಅವಳು ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದಳು. ಕೆಲಸ ಕಾಯಂ ಆಗಿತ್ತು, ಭಯವೂ.

ಆ ಚಿಲಕ ಹಾಕಿಸಿದವರು ನಾವು. ಆದ್ದರಿಂದ ಹೇಳುತ್ತಿದ್ದೇನೆ. ಮುಂದಿನ ಸಲ ನಿಮ್ಮ ಮಗಳ ಶಾಲೆಯ ಪ್ರದರ್ಶನಕ್ಕೆ ಹೋದಾಗ ಮೇಜಿನ ಮೇಲಿನದನ್ನು ನೋಡಿದ್ದು ಸಾಕು, ಗೋಡೆಯ ಕಡೆ ತಿರುಗಿ. ಖಾಲಿ ಪೆಟ್ಟಿಗೆ ಹಿಡಿದು ನಿಂತವರು ಯಾರು ನೋಡಿ. ಇದನ್ನು ಮಾಡಿದ್ದು ಯಾರು ಎಂದು ಶಾಲೆಯ ದೊಡ್ಡವರನ್ನೇ, ದೊಡ್ಡ ದನಿಯಲ್ಲಿ ಕೇಳಿ. ಮಗುವನ್ನು ಕೇಳಬೇಡಿ. ಉತ್ತರ ಬರುವವರೆಗೆ ಚಪ್ಪಾಳೆ ತಟ್ಟಬೇಡಿ.