ಲಿಯೋಂತಿ ಇಟ್ಟ ಹೆಸರುಗಳು

ನನ್ನ ಗಂಡ ಲಿಯೋಂತಿ ಕಿನೆಷ್ಮಾ ಊರಿನ ಒಂದು ರೊಟ್ಟಿ ಕಾರ್ಖಾನೆಯಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದ. ಮೊದಲು ಅಲ್ಲೇ ಕರೆಂಟಿನ ಕೆಲಸ. ಕಂಪ್ಯೂಟರ್ ಬಂದಾಗ ಮುಟ್ಟಲು ಯಾರಿಗೂ ಧೈರ್ಯವಿರಲಿಲ್ಲ. ಇವನು ಮುಟ್ಟಿದ, ಅದು ಇವನ ಕುತ್ತಿಗೆಗೇ ಬಿತ್ತು. ಎಷ್ಟು ಹಿಟ್ಟು ಕಲಸಬೇಕು, ಯಾವ ಅಂಗಡಿಗೆ ಎಷ್ಟು ರೊಟ್ಟಿ, ಎಲ್ಲ ಅದರಿಂದಲೇ. ನಾನು ಅಲ್ಲೇ ಹಿಟ್ಟು ನಾದುವವಳು. ಹೆಚ್ಚು ಓದಿದವಳಲ್ಲ.

ಒಳ್ಳೆಯ ಗಂಡನಾಗಿದ್ದ ಎಂದು ಬರೆದರೆ ಸುಳ್ಳಾಗುತ್ತದೆ. ಕುಡಿಯುತ್ತಿದ್ದ, ಆಮೇಲೆ ಬಿಟ್ಟ. ಬಿಟ್ಟ ಮೇಲೆ ಮಾತೂ ಕಡಿಮೆಯಾಯಿತು. ಕೆಲಸದಲ್ಲಿ ಮಾತ್ರ ಹಟಮಾರಿ. ಪ್ರೋಗ್ರಾಮಿನೊಳಗೆ ಒಂದೊಂದು ಲೆಕ್ಕಕ್ಕೂ ಒಂದು ಹೆಸರು ಇಡಬೇಕಂತೆ. ಇವನು ಎಲ್ಲವನ್ನೂ ರಷ್ಯನ್ ಅಕ್ಷರದಲ್ಲೇ ಇಟ್ಟ, ಅದೂ ನಾವು ಹೆಂಗಸರು ಆಡುವ ಮಾತಿನಲ್ಲಿ. ಟೀ ಹೊತ್ತಿಗೆ ಬಂದು ಕೇಳುತ್ತಿದ್ದ.

“ಮೇಲೆ ಸೀದುಹೋದ ರೊಟ್ಟಿಗೆ ಏನಂತೀರೇ?”

“ಕರಿಮೂತಿ. ನಿನ್ನ ಹಂಗೇ,” ಎಂದಳು ಒಲೆಯ ಕಡೆಯ ಜೋಯಾ.

“ಅಂಗಡಿಯಿಂದ ವಾಪಸ್ ಬಂದಿದ್ದಕ್ಕೆ?”

“ಅಳಿಯ. ಎಷ್ಟು ಕಳಿಸಿದ್ರೂ ಬಂದು ಕೂರ್ತಾನಲ್ಲ!”

ಅವೇ ಹೆಸರುಗಳು ಒಳಗೆ ಹೋದವು. ಬೇರೆ ಕಡೆಯ ಪ್ರೋಗ್ರಾಮಿನವರು ನೋಡಿ, ಮಕ್ಕಳಾಟ ಎಂದು ನಗುತ್ತಿದ್ದರು. ಇವನು ಸೊಪ್ಪು ಹಾಕಲಿಲ್ಲ. ಸಂಜೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಓದೇ ಫಾಯಾ, ಸರಿಯಿದ್ಯಾ ನೋಡು” ಎನ್ನುತ್ತಿದ್ದ. ಓದುತ್ತಿದ್ದೆ. ನಮ್ಮಿಬ್ಬರ ನಡುವೆ ಬೇರೆ ಮಾತು ಇರಲಿಲ್ಲ. ಅದೇ ಸಂಸಾರ.

ಮಾರ್ಚಿನಲ್ಲಿ ಅವನ ಎದೆಬಡಿತ ನಿಂತಿತು. ಸತ್ತವರ ಹೆಸರಿನಲ್ಲಿ ನಲವತ್ತನೆಯ ದಿನ ಮಾಡುವ ಬ್ಲಿನಿ ದೋಸೆ ಹುಯ್ದು ಬಡಿಸಿದ್ದಾಯಿತು. ಮಾರನೆಯ ದಿನ ಮಧ್ಯಾಹ್ನ ಅವನ ಜಾಗಕ್ಕೆ ಬಂದ ಗ್ಲೆಬ್ ಎನ್ನುವ ಹುಡುಗ ಮಡಚುವ ಕಂಪ್ಯೂಟರ್ ಹಿಡಿದು ಮನೆಗೆ ಬಂದ. ಕಾರ್ಖಾನೆ ಕೈ ಬದಲಾಗಿತ್ತು. ಹೊಸ ಯಜಮಾನರ ಕಾರ್ಖಾನೆಗಳಲ್ಲೆಲ್ಲ ಒಳಗಿನ ಹೆಸರುಗಳು ಇಂಗ್ಲಿಷಿನಲ್ಲಿ. ಇಲ್ಲಿಯೂ ಹಾಗೇ ಆಗಬೇಕು.

“ಫಯಿನಾ ಯೆಗೋರೊವ್ನಾ, ನೀವೇ ದಾರಿ ತೋರಿಸ್ಬೇಕು. ಒಟ್ಟು ರೊಟ್ಟಿಯಿಂದ ಅಳಿಯನ್ನ ಯಾಕೆ ಕಳೀತಾರೆ ಈ ಮನುಷ್ಯ?”

“ಅತ್ತೆ ಆಗಿದ್ರೆ ಗೊತ್ತಾಗ್ತಿತ್ತು ನಿಂಗೆ,” ಎಂದೆ. ಆಮೇಲೆ ಕೇಳಿದೆ, “ಹಂಗೇ ಬಿಡಕ್ಕಾಗಲ್ವೇನಪ್ಪ?”

“ಇವು ಯಾರಿಗೂ ಕಾಣೋ ಹೆಸರಲ್ಲ. ಸ್ಕ್ರೀನ್ ಮೇಲೆ ಏನೂ ಬದಲಾಗಲ್ಲ.”

“ನಂಗೆ ಕಾಣುತ್ತೆ.”

ಅವನು ತಟ್ಟೆಯಲ್ಲಿದ್ದ ತಣ್ಣಗಿನ ಬ್ಲಿನಿ ಮುರಿದ. “ನಂಗೂ ಇಷ್ಟ ಇಲ್ಲ. ಮೇಲಿನವ್ರ ಹುಕುಂ. ನೀವು ಹೇಳ್ದಿದ್ರೆ ಊಹೆ ಮೇಲೆ ಮಾಡ್ಬೇಕು. ಊಹೆ ತಪ್ಪಿದ್ರೆ ಹಿಟ್ಟಿನ ಲೆಕ್ಕವೇ ಕೆಡುತ್ತೆ.”

ಹೇಳದೆ ಇರಬಹುದಿತ್ತು. ಲಿಯೋಂತಿ ಇಟ್ಟ ಹೆಸರುಗಳು ಇನ್ನೂ ನಾಲ್ಕು ದಿನ ಉಳಿಯುತ್ತಿದ್ದವು. ಆದರೆ ಲೆಕ್ಕ ಕೆಟ್ಟರೆ ಬೈಸಿಕೊಳ್ಳುವವಳು ಜೋಯಾ, ರೊಟ್ಟಿ ಸಿಗದೆ ಹೋಗುವುದು ಊರಿಗೆ. ಹೇಳಿದೆ.

ನಾನು ಅರ್ಥ ಹೇಳಿದ ಹಾಗೆಲ್ಲ ಒಂದು ಹೆಸರು ಹೋಗುತ್ತಿತ್ತು, ನನಗೆ ಓದಲು ಬಾರದ ಒಂದು ಬರುತ್ತಿತ್ತು. ಉಬ್ಬದೆ ಕುಳಿತ ಹಿಟ್ಟಿಗೆ ‘ಮುನಿಸು’ ಎಂದಿಟ್ಟಿದ್ದ. ಗ್ಲೆಬ್ ಅಲ್ಲಿ ಕೈ ತಡೆದ. ಒಳ್ಳೆಯ ಹುಡುಗ. ನನ್ನ ಮುಖ ನೋಡಿದ್ದನೋ ಏನೋ.

“ಇದೊಂದನ್ನ ನಿಮ್ಮ ಮಾತಲ್ಲೇ ಬಿಡ್ತೀನಿ, ಅಕ್ಷರ ಮಾತ್ರ ಇಂಗ್ಲಿಷು. ನೋಡಿ, ಮುನಿಸು ಅಂತಾನೇ ಇದೆ.”

ನೋಡಿದೆ. ಇದ್ದಿರಬಹುದು. ಲಿಯೋಂತಿಯ ಹೆಣಕ್ಕೆ ಅಂಗಿ ತೊಡಿಸಿದವಳು ನಾನು. ಅವನದೇ ಅಂಗಿ, ಕಾಲರ್ ಸವೆದದ್ದು. ಈ ಹೆಸರು ಬೇರೆ ಯಾರದೋ ಅಂಗಿ ತೊಟ್ಟು ಮಲಗಿದ ಹಾಗಿತ್ತು.

“ಬೇಡ ಮಗಾ. ಅರೆಬರೆ ಬೇಡ. ಅದನ್ನೂ ನಿಮ್ಮ ಇಂಗ್ಲಿಷಿನದೇ ಮಾಡ್ಕೊಂಡುಬಿಡು.”

“ಏನಂತ ಹಾಕ್ಲಿ?”

“ಉಬ್ಬಲಿಲ್ಲ ಅಂತ ಏನೋ ಒಂದು.”

ಹಾಕಿದ. ಉಪಕಾರವಾಯಿತು ಎಂದು ಕಂಪ್ಯೂಟರ್ ಮುಚ್ಚಿ ಹೊರಟ. ಬಾಗಿಲು ಹಾಕಿಕೊಂಡೆ. ಹೊರಗೆ ಇನ್ನೂ ಬೆಳಕಿತ್ತು. ಮಲಗಿಬಿಟ್ಟೆ.