ಕೊರಳಿಗೆ ಬಿದ್ದ ಚಮಚ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ, ಕ್ಯಾಲೆಂಡರ್ ತೂಗುಹಾಕಿದ ಮೊಳೆಯಲ್ಲೇ, ಒಂದು ಪುಟ್ಟ ಸ್ಟೀಲ್ ಚಮಚ ನೇತಾಡುತ್ತಿದೆ. ಹಿಡಿಯ ತುದಿಯಲ್ಲೊಂದು ತೂತು, ತೂತಿನಲ್ಲಿ ಹತ್ತಿಯ ದಾರ, ದಾರದ ಉದ್ದ ಸರಿಯಾಗಿ ಕೊರಳಿಗೆ ಹಾಕಿಕೊಳ್ಳುವಷ್ಟು. ಮನೆಗೆ ಬಂದವರು ಇದು ಯಾವ ದೇವರ ಹರಕೆ ಎಂದು ಕೇಳಿದ್ದುಂಟು. ಹರಕೆಯಲ್ಲ, ನನಗೆ ಸಿಕ್ಕ ಶಿಕ್ಷೆ ಎಂದರೆ ನಗುತ್ತಾರೆ. ನೀವೂ ನಗಬಹುದು, ಆದರೆ ಪೂರ್ತಿ ಕೇಳಿದ ಮೇಲೆ.

ಶಿಕ್ಷೆ ಕೊಟ್ಟವರು ಕ್ಲೇರ್ ಮೇಡಂ. ಫ್ರಾನ್ಸಿನವರು, ಗಂಡನ ಕೆಲಸದ ಹಿಂದೆ ಎರಡು ವರ್ಷಕ್ಕೆಂದು ಬೆಂಗಳೂರಿಗೆ ಬಂದು, ಕೆಲಸ ಮುಗಿದು, ಕಾಲಾಂತರದಲ್ಲಿ ಗಂಡನೂ ವಾಪಸು ಹೋದ ಮೇಲೆ, ಪುಟ್ಟೇನಹಳ್ಳಿ ಕೆರೆಯ ಗಾಳಿ ಬೀಸುವ ಒಂದು ಮೊದಲ ಮಹಡಿಯ ಅಡುಗೆಮನೆಯನ್ನು ಬಿಟ್ಟು ಹೋಗಲಾರದೆ ಇಲ್ಲೇ ಉಳಿದುಬಿಟ್ಟವರು. ಆ ಅಡುಗೆಮನೆಯಲ್ಲಿ ಶನಿವಾರ ಬೆಳಿಗ್ಗೆ ಫ್ರೆಂಚ್ ಅಡುಗೆ ಕಲಿಸುತ್ತೇನೆಂದು ಬೋರ್ಡು ಹಾಕಿದಾಗ ಸೇರಿದವರು ಜಯನಗರದ ನಾವು ನಾಲ್ಕೇ ಮಂದಿ. ಒಬ್ಬರು ಮೊಟ್ಟೆ ಮುಟ್ಟುವುದಿಲ್ಲ, ಇನ್ನೊಬ್ಬರು ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ, ಮೂರನೆಯವರು ವೈನ್ ಎಂಬ ಪದ ಕೇಳಿದರೇ ಕಿಟಕಿಯ ಕಡೆ ತಿರುಗುತ್ತಾರೆ. ಬ್ಯಾಂಕಿನ ಗುಮಾಸ್ತೆಯಾಗಿದ್ದ ನನಗೆ ಶನಿವಾರ ಒಪ್ಪತ್ತು, ಅಂದರೆ ಮಧ್ಯಾಹ್ನದ ಒಂದು ಊಟ ಬಿಟ್ಟು ಬಾಯಿಗೆ ಬೇರೇನೂ ಹಾಕುವಂತಿಲ್ಲ. ಇಂಥ ಶಿಷ್ಯೆಯರು ಸಿಕ್ಕರೆ ಬೇರೆ ಯಾರಾದರೂ ಮುಂದಿನ ವಿಮಾನ ಹತ್ತುತ್ತಿದ್ದರು. ಈ ಮಹಾತಾಯಿ ಮಾತ್ರ ಸೊಂಟಕ್ಕೆ ಏಪ್ರನ್ ಬಿಗಿದುಕೊಂಡು, ನಮ್ಮ ಬೇಡಗಳನ್ನೆಲ್ಲ ಬರೆದುಕೊಂಡು, ಅವುಗಳ ನಡುವೆ ಉಳಿದ ಸಂದಿಯಲ್ಲೇ ಒಂದು ಪುಸ್ತಕ ಬರೆದರು. ಮೊಟ್ಟೆಯಿಲ್ಲದ ಫ್ರೆಂಚ್ ಅಡುಗೆಯ ಆ ಪುಸ್ತಕ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹಬ್ಬದಡುಗೆಯ ಹಳೆಯ ನೋಟ್‌ಬುಕ್ಕಿನ ಪಕ್ಕ ಸೀಟು ಹಿಡಿಯಿತು.

ಅವರು ಸೋತದ್ದು ಒಂದೇ ಕಡೆ. ನಾವು ಯಾರೂ ರುಚಿ ನೋಡುತ್ತಿರಲಿಲ್ಲ. ಒಲೆಯ ಮೇಲಿರುವಾಗ ನಾಲಿಗೆಗೆ ತಾಗಿಸಿದರೆ ಇಡೀ ಪಾತ್ರೆ ಎಂಜಲು, ದೇವರ ನೈವೇದ್ಯಕ್ಕೆ ಬಾರದು ಎಂದು ಕಲಿತು ಬೆಳೆದ ಕೈಗಳು ನಮ್ಮವು. ಫ್ರೆಂಚ್ ಸೂಪನ್ನು ಯಾವ ದೇವರಿಗೂ ತೋರಿಸುವುದಿಲ್ಲವೆಂದು ಬುದ್ಧಿಗೆ ಗೊತ್ತಿದ್ದರೂ ಕೈ ಕೇಳಬೇಕಲ್ಲ. ಮೇಡಂ ಪಾತ್ರೆಯಿಂದ ಪಾತ್ರೆಗೆ ಓಡಾಡುತ್ತ, ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನಲ್ಲಿ ಕಲಿತ ತಮ್ಮ ಕನ್ನಡದಲ್ಲಿ "ಟೇಸ್ಟ್ ಮಾಡಿ, ಅಕ್ಕ, ಟೇಸ್ಟ್ ಮಾಡಿ" ಎನ್ನುವರು. ನಾವು ಮೂಸಿ, ತಲೆಯಾಡಿಸಿ, ಸರಿಯಾಗಿದೆ ಎನ್ನುವೆವು.

ಎಡವಟ್ಟಾದದ್ದು ಎರಡನೆಯ ಪುಸ್ತಕದಲ್ಲಿ. ಅದು ನಮ್ಮ ಊರಿನ ತರಕಾರಿಗಳಿಗೆ ಫ್ರೆಂಚ್ ವೇಷ ಹಾಕುವ ಪುಸ್ತಕ. ಸೀಮೆಬದನೆಕಾಯಿಗೆ ಕೆನೆ, ಚೀಸು ಹಾಕಿ ಓವನ್ನಿನಲ್ಲಿ ಬೇಯಿಸುವ ಒಂದು ಪದಾರ್ಥವನ್ನು ಮನೆಯಲ್ಲಿ ಮಾಡಿ ನೋಡಿ, ಪರೀಕ್ಷೆಯ ಹಾಳೆ ತುಂಬಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮಾಡಿದ್ದು ಶನಿವಾರ ಸಾಯಂಕಾಲ. ನನಗೆ ಒಪ್ಪತ್ತು, ಅತ್ತೆಗೆ ಚೀಸೆಂದರೆ ಅನುಮಾನ. ಅಷ್ಟನ್ನೂ ಮೇಲಿನ ಮನೆಯವರಿಗೆ ಕೊಟ್ಟೆ. ಅವರು ಪಾತ್ರೆ ತೊಳೆದು ವಾಪಸು ಕೊಡುತ್ತ "ಸಖತ್ತಾಗಿತ್ತು ಕಣ್ರೀ" ಎಂದರು. ನಾನು ಹಾಳೆಯಲ್ಲಿ "ಉಪ್ಪು: ಸರಿಯಾಗಿದೆ" ಎಂದು ಬರೆದು ಸಹಿ ಹಾಕಿದೆ.

ಪುಸ್ತಕ ಅಚ್ಚಾಗಿ ಬಂದ ಮೇಲೆ, ಸೀಮೆಬದನೆಕಾಯಿ ಬಾಯಿಗಿಡಲಾರದಷ್ಟು ಉಪ್ಪು ಎಂದು ಓದುಗರ ದೂರು ಶುರುವಾಯಿತು. ಚೀಸಿನಲ್ಲೇ ಇದ್ದ ಉಪ್ಪನ್ನು ಲೆಕ್ಕಕ್ಕೆ ಹಿಡಿಯದೆ ಬರೆದ ಆ ಅಳತೆಯನ್ನು ಬಾಯಿಗಿಟ್ಟ ಯಾರಾದರೂ ಮೊದಲ ತುತ್ತಿಗೇ ಹಿಡಿಯಬಹುದಿತ್ತು. ಮೇಲಿನ ಮನೆಯವರನ್ನು ಕೇಳಿದರೆ, "ನೀವು ಅಷ್ಟು ಪ್ರೀತಿಯಿಂದ ತಂದ್ಕೊಟ್ರಿ, ಹೇಗ್ರೀ ಹೇಳೋದು?" ಎಂದು ಅವರೇ ಸಂಕೋಚಪಟ್ಟರು. ಮೇಡಂ ನನ್ನ ಹಾಳೆಯನ್ನು ಮೇಜಿನ ಮೇಲಿಟ್ಟು, "ನೀವು ತಿಂದ್ರಾ?" ಎಂದರು. ಇಲ್ಲವೆಂದೆ. ಬೈಯಲಿಲ್ಲ. ಒಳಗಿನಿಂದ ಈ ಚಮಚ ತಂದು ಎಲ್ಲರ ಮುಂದೆ ನನ್ನ ಕೊರಳಿಗೆ ಹಾಕಿದರು. ಆ ಕ್ಷಣ ನೆಲ ಬಿರಿದಿದ್ದರೆ ನಾನು ಸಂತೋಷವಾಗಿ ಇಳಿದುಹೋಗುತ್ತಿದ್ದೆ.

ನೋಡಿ, ನಮ್ಮ ಕಡೆ ಅಡುಗೆಯ ಬಗ್ಗೆ ನಿಜ ಹೇಳುವುದು ಒಂದು ಬಗೆಯ ಅಸಭ್ಯತೆ. ಮದುವೆಮನೆಯ ಹುಳಿ ಅನ್ನದ ಜೊತೆ ಜಗಳವಾಡುತ್ತಿದ್ದರೂ "ಊಟ ಭರ್ಜರಿ" ಎಂದು ಕೈತೊಳೆದು, ಆಟೋ ಹತ್ತಿದ ಮೇಲೆ ವಿಮರ್ಶೆ ಆರಂಭಿಸುವವರು ನಾವು. ಅದನ್ನು ಸೌಜನ್ಯವೆಂದೇ ನಂಬಿದ್ದೆ. ನನ್ನ ಒಂದು ಸಹಿಯ ಸೌಜನ್ಯದಿಂದ ಇನ್ನೊಬ್ಬರ ವರ್ಷಗಳ ದುಡಿಮೆಗೆ ಉಪ್ಪು ಬಿದ್ದ ಮೇಲೂ ಆ ನಂಬಿಕೆ ಪೂರ್ತಿ ಹೋಗಲಿಲ್ಲ. ಚಮಚ ಮೊಳೆಗೆ ಹೋಯಿತು, ನಾನು ಹಾಗೇ ಉಳಿದೆ.

ಹೋದ ವರ್ಷ ಕ್ಲೇರ್ ಮೇಡಂಗೆ ಜ್ವರ ಬಂತು. ಜ್ವರ ವಾರದಲ್ಲಿ ಬಿಟ್ಟಿತು. ಹೋಗುವಾಗ ಮೂಗನ್ನೂ ನಾಲಿಗೆಯನ್ನೂ ಜೊತೆಗೆ ಒಯ್ದಿತು. ತಿಂಗಳುಗಟ್ಟಲೆ ಕಾದರೂ ವಾಪಸು ಬರಲಿಲ್ಲ. ಸೂಪು ಮತ್ತು ಸಾರುಗಳ ಮೂರನೆಯ ಪುಸ್ತಕ ಅರ್ಧಕ್ಕೆ ನಿಂತಿತ್ತು. ರುಚಿ ನೋಡಿ ಎಂದು ಜೀವಮಾನವಿಡೀ ಹೇಳಿದ ಬಾಯಿಗೆ ರುಚಿಯೇ ತಿಳಿಯದಾಗಿತ್ತು. ತರಗತಿ ಮುಚ್ಚಿ ಊರಿಗೆ ಹೋಗುವ ಮಾತು ಬಂತು. ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು, ನನ್ನನ್ನು ದಾಟಿ ನೇರ ಅಡುಗೆಮನೆಗೆ ಹೋಗಿ, ಎಂಬತ್ತು ದಾಟಿದ ನನ್ನ ಅತ್ತೆಯ ಎದುರು ನಿಂತು, "ಅಮ್ಮ, ಟೇಸ್ಟ್ ಇಲ್ದೆ ಅಡುಗೆ ಮಾಡೋದು ನನಗೆ ಕಲಿಸಿ" ಎಂದರು. ಆ ಧ್ವನಿ ಕೇಳಿ ನನಗೆ ಕಣ್ಣು ತುಂಬಿತು.

ಅತ್ತೆ ಒಂದು ಮಣೆ ಸರಿಸಿ ಕೂರಿಸಿದರು. ಆಮೇಲೆ ಒಂದು ತಿಂಗಳು ನಮ್ಮ ಮನೆಯಲ್ಲಿ ನಡೆದದ್ದು ಯಾವ ಕಾಲೇಜಿನಲ್ಲೂ ನಡೆಯದ ಪಾಠ. ಸಾಸಿವೆಯ ಸದ್ದು ನಿಲ್ಲುವುದಕ್ಕೆ ತುಸು ಮುಂಚೆ ಒಲೆ ಆರಿಸಬೇಕು, ಸಾರು ಅಂಚಿನಲ್ಲಿ ನೊರೆಗಟ್ಟಿದೊಡನೆ ಇಳಿಸಬೇಕು, ಸೌಟಿನಿಂದ ಹುಳಿ ಬೀಳುವ ಧಾರೆಯಲ್ಲೇ ಅದರ ಹದ ಕಾಣುತ್ತದೆ. ಉಪ್ಪಿಗೆ ಮಾತ್ರ ಅತ್ತೆಯ ಶಾಸ್ತ್ರ ಬೇರೆ. "ಉಪ್ಪನ್ನ ಪಾತ್ರೆಯಲ್ಲಿ ಹುಡುಕಬಾರದು ಕಣಮ್ಮ, ಉಣ್ಣೋರ ಮುಖದಲ್ಲಿ ನೋಡ್ಬೇಕು. ಎರಡನೇ ಸಲ ಹಾಕಿಸ್ಕೊಂಡ್ರೆ ಸರಿ ಇದೆ. ಬೇಗ ಮಜ್ಜಿಗೆ ಕೇಳಿದ್ರೆ ಏನೋ ಕೆಟ್ಟಿದೆ." ಅರವತ್ತು ವರ್ಷ ರುಚಿ ನೋಡದೆ ಬಡಿಸಿದ ಈ ಹೆಂಗಸು ಪ್ರತಿದಿನ ನಮ್ಮ ಮುಖಗಳನ್ನು ಓದುತ್ತಿದ್ದರೆಂದು ನನಗೆ ತಿಳಿದದ್ದು ಆಗಲೇ. ನಾವು ಟಿ.ವಿ. ನೋಡುತ್ತ ಉಣ್ಣುತ್ತಿದ್ದೆವಲ್ಲ ಎಂದು ನಾಚಿಕೆಯಾಯಿತು.

ಮೇಡಂ ತರಗತಿ ಮತ್ತೆ ತೆರೆದರು. ಎರಡೇ ವಾರಕ್ಕೆ ಕೈಚೆಲ್ಲಿ ಬಂದರು. "ಅಮ್ಮ, ಇಲ್ಲಿ ಎಲ್ಲಾ ಮುಖಾನೂ ಸೂಪರ್ ಅನ್ನುತ್ತೆ. ನಾನು ಏನು ಓದ್ಲಿ?"

ಅತ್ತೆ ನನ್ನ ಕಡೆ ತಿರುಗಿದರು. "ನಿನ್ನ ಶನಿವಾರದ ಒಪ್ಪತ್ತನ್ನ ಸೋಮವಾರಕ್ಕೆ ಹಾಕ್ಕೋ. ಹೋಗಿ ಅವಳ ಸೂಪು ಕುಡಿ. ವೆಂಕಟರಮಣನಿಗೆ ನಾನು ಹೇಳ್ಕೋತೀನಿ."

ಮದುವೆಯಾದಂದಿನಿಂದ ಒಂದು ದಿನವೂ ತಪ್ಪದ ಒಪ್ಪತ್ತು ಅದು. ಆ ಶನಿವಾರ ಚಮಚ ಕೊರಳಿಗೆ ಹಾಕಿಕೊಂಡು ಹೋದೆ. ಕುಂಬಳಕಾಯಿಯ ಸೂಪು ಕುದಿಯುತ್ತಿತ್ತು. ಕುದಿಯುವ ಪಾತ್ರೆಗೆ ಚಮಚ ಅದ್ದಿ, ಊದಿ ಬಾಯಿಗಿಟ್ಟೆ. ಎಂಜಲಿಗಿಂತ ಹೆಚ್ಚಾಗಿ, ಬಾಯಿಯಿಂದ ಹೊರಡಬೇಕಾದ ಮಾತಿನ ಭಯ. ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದರು. "ತುಂಬಾ ಚೆನ್ನಾಗಿದೆ" ಎಂಬುದು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಸೂಪಿನ ಜೊತೆಗೇ ನುಂಗಿ, "ಮೇಡಂ, ಉಪ್ಪು ಜಾಸ್ತಿ" ಎಂದೆ.

ಅವರು ಕುರ್ಚಿ ಎಳೆದು ಕೂತುಬಿಟ್ಟರು. ಕೆಟ್ಟೆ ಎಂದುಕೊಂಡೆ. ಆಮೇಲೆ ನೋಟ್‌ಬುಕ್ ತೆಗೆದು ಉಪ್ಪಿನ ಅಳತೆ ಹೊಡೆದುಹಾಕಿ ಹೊಸದು ಬರೆದು, ಕಣ್ಣೊರೆಸಿಕೊಂಡು, "ಇನ್ನೊಂದು ಸಲ ಮಾಡೋಣ, ಅಕ್ಕ" ಎಂದರು. ಊರಿಗೆ ಹೋಗುವ ಮಾತು ಆಮೇಲೆ ಬರಲಿಲ್ಲ. ಪುಸ್ತಕ ಈಗ ಮುಕ್ಕಾಲು ಮುಗಿದಿದೆ.

ಎಂಜಲು ಎಂದರೆ ಕೊಡುವ ಮೊದಲೇ ನಾವು ತೆಗೆದುಕೊಳ್ಳುವುದು ಎಂದು ನನಗೆ ಕಲಿಸಿದ್ದರು. ಆ ಪಾತ್ರೆಯಿಂದ ನಾನು ಚಮಚದಷ್ಟು ತೆಗೆದುಕೊಂಡದ್ದು ಕೊಡುವುದಕ್ಕಾಗಿಯೇ ಎಂದು ಈಗ ಅಂದುಕೊಳ್ಳುತ್ತೇನೆ. ಇದನ್ನು ಅತ್ತೆಗೆ ಹೇಳಿಲ್ಲ, ಹೇಳಿದರೆ ವಾದಕ್ಕೆ ನಿಲ್ಲುತ್ತಾರೆ. ನಿನ್ನೆಯೂ ಶನಿವಾರ. ಮೊಳೆಯಿಂದ ಚಮಚ ಬಿಡಿಸಿ ಕೊರಳಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಿದ್ದೆ. ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಿ ನನ್ನನ್ನೊಮ್ಮೆ, ಚಮಚವನ್ನೊಮ್ಮೆ ನೋಡಿ ಹೇಳಿದರು:

"ಹುಷಾರು. ಚೆನ್ನಾಗಿದೆ ಅಂದ್ಬಿಟ್ಟೀಯ."